ಗೋಡೆಯೊಳಗಿನ ಹಾಜರಿ

ನಮ್ಮೂರಿನಲ್ಲಿ ಕೂಲಿ ಹೆಚ್ಚಾದರೆ ಕಾರ್ಖಾನೆಯ ಗೋಡೆ ಒಳಕ್ಕೆ ಬರುತ್ತದೆ. ಬೇರೆ ಊರಿನವರು ಇದನ್ನು ಕೇಳಿ ಬಾಯಿ ಬಿಡುತ್ತಾರೆ. ಬಿಡಲಿ. ಅವರೂರಿನಲ್ಲಿ ಏನೇನು ನಡೆಯುತ್ತದೆ ಅಂತ ನಾವೇನು ಕೇಳಲಿಕ್ಕೆ ಹೋಗಿದ್ದೇವೆಯೇ? ಸರ್ಕಾರದವರು ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ಕನಿಷ್ಠ ಕೂಲಿಯ ಆದೇಶ ಹೊರಡಿಸುತ್ತಾರೆ. ಕಾರ್ಮಿಕ ಇಲಾಖೆಯ ಜವಾನ ಮೈದಾ ಅಂಟಿನ ಡಬ್ಬಿ ಹಿಡಿದು ಬಂದು ಗೇಟಿಗೆ ಕಾಗದ ಮೆತ್ತುತ್ತಾನೆ. ಒಳಗೆ ಮೂಡಣ ಗೋಡೆ ಜರುಗುತ್ತದೆ. ರಸ್ತೆಯಲ್ಲಿ ನಿಂತು ನೋಡಿದರೆ ಕಟ್ಟಡ ಇದ್ದ ಹಾಗೇ ಇರುತ್ತದೆ, ಒಂದು ಇಟ್ಟಿಗೆ ಹೆಚ್ಚಿಲ್ಲ, ಒಂದು ಕಮ್ಮಿಯಿಲ್ಲ. ಒಳಗೆ ಮಾತ್ರ ಜಾಗ ಸಾಲದು. ಸುಣ್ಣ ಅದೇ, ಕ್ಯಾಲೆಂಡರ್ ನೇತುಹಾಕುವ ಮೊಳೆ ಅದೇ, ಮೂಲೆಯಲ್ಲಿ ಯಾರೋ ಉಗುಳಿದ ಎಲೆಯಡಿಕೆಯ ಕಲೆಯೂ ಅದೇ. ಗೋಡೆ ಬೇರೆ ಕಡೆ ನಿಂತಿರುತ್ತದೆ, ಅಷ್ಟೆ.

ನಾನು ಚೆನ್ನಾಜಮ್ಮ. ವೃಷಭೇಂದ್ರಯ್ಯನವರ ಬಕೀಟು ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷದಿಂದ ಪ್ರೆಸ್ಸು ಹೊಡೆಯುವವಳು. ಬಕೀಟಿಗೆ ಹಿಡಿ ಸಿಕ್ಕಿಸಲು ಎರಡೂ ಪಕ್ಕ ತಗಡಿನ ಕಿವಿ ಇರುತ್ತದಲ್ಲ, ಅದನ್ನು ಒತ್ತುವುದು ನನ್ನ ಕೆಲಸ. ಈ ಊರಿನ ಯಾರ ಬಚ್ಚಲಿಗೆ ಹೋದರೂ ನಾನು ಒತ್ತಿದ ಕಿವಿ ಸಿಗುತ್ತದೆ. ನನ್ನ ಬಾಯಿ ಸ್ವಲ್ಪ ಜೋರು. ಅದನ್ನು ನಾನೇ ಹೇಳಿಬಿಡುತ್ತೇನೆ, ಬೇರೆಯವರಿಗೆ ಆ ಸಂತೋಷ ಯಾಕೆ ಕೊಡಬೇಕು? ಒಂದು ಕಾಲದಲ್ಲಿ ಗೇಟಿನ ಮುಂದೆ ನಿಂತು "ಕೂಲಿ ಏರಿಸಿ" ಅಂತ ನಾನು ಕೂಗಿದರೆ ರೈಲ್ವೆ ಸ್ಟೇಷನ್ನಿನ ತನಕ ಕೇಳಿಸುತ್ತಿತ್ತು. ಆಮೇಲೆ ಏಳು ವರ್ಷ ಅದೇ ಗೇಟಿನ ಮುಂದೆ ನಾನು ತುಟಿ ಪಿಟಕ್ಕೆನ್ನಲಿಲ್ಲ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ತಾಳಿ.

ಗೋಡೆ ಬರುವುದಕ್ಕೆ ನಾವೆಲ್ಲ ಒಗ್ಗಿಹೋಗಿದ್ದೆವು. ಆದೇಶ ಬರುತ್ತದಂತೆ ಅಂತ ಸುದ್ದಿಯಾದರೆ ಸಾಕು, ಗೋಡೆ ಪಕ್ಕದ ಯಂತ್ರಗಳ ಬೋಲ್ಟು ಬಿಚ್ಚಿ, ಕೆಳಗೆ ಪೈಪು ಕೊಟ್ಟು ಉರುಳಿಸಿ, ಎಲ್ಲವನ್ನೂ ಒಂದೊಂದು ಮೊಳ ಪಡುವಣಕ್ಕೆ ತಳ್ಳುತ್ತಿದ್ದೆವು. ಜಾಗ ಸಾಲದ ಯಂತ್ರವನ್ನು ಗುಜರಿಗೆ ಹಾಕುವುದು, ಅದರ ಮುಂದೆ ನಿಲ್ಲುತ್ತಿದ್ದ ಹೆಂಗಸಿಗೆ ಕೈಮುಗಿದು ಕಳಿಸುವುದು. ಆದೇಶ ಅಂಟಿಸಿದ ಮೇಲೆ ಲೆಕ್ಕ ಬರೆಯುವ ಆರಾಧ್ಯರು ಬೀರುವಿನಿಂದ ಟೇಪು ತೆಗೆಯುತ್ತಿದ್ದರು. ಅದಕ್ಕೆ ಅರಿಸಿನ ಕುಂಕುಮ ಹಚ್ಚಿ, ಕಾಯಿ ಒಡೆದು, ಪಡುವಣ ಗೋಡೆಯಿಂದ ಮೂಡಣ ಗೋಡೆಯ ತನಕ ಹಿಡಿದು ಅಳೆಯುವುದು ವಾಡಿಕೆ. ಹೋದ ಆದೇಶದ ದಿನಕ್ಕಿಂತ ಎಷ್ಟು ಕಮ್ಮಿ ಬಂತೋ ಅಷ್ಟನ್ನು ಕೆಂಪು ಶಾಯಿಯಲ್ಲಿ ಬರೆದು, ಅದರ ಮುಂದೆ 'ಕೂಲಿಗೆ ಹೋದ ಜಾಗ' ಅಂತ ಸೇರಿಸುವುದು. ಟೇಪು ಮತ್ತೆ ಬೀರುವಿಗೆ, ಬೀರುವಿಗೆ ಬೀಗ. ಬೇರೆ ದಿನ ಟೇಪು ಹಿಡಿದರೆ ಗೋಡೆಗೆ ಸಿಟ್ಟು ಬರುತ್ತದೆ ಅಂತ ಯಜಮಾನರ ತಂದೆಯ ಕಾಲದಿಂದ ನಂಬಿಕೆ. ಯಾರೂ ಹಿಡಿಯುತ್ತಿರಲಿಲ್ಲ.

ಇನ್ನೊಂದು ವಿಷಯ. ಗೋಡೆ ನುಂಗಿದ ಯಂತ್ರ ನಿಲ್ಲುವುದಿಲ್ಲ. ತಳ್ಳಲು ತಡವಾಗಿ ಎಷ್ಟೋ ಯಂತ್ರ ಒಳಗೆ ಹೋಗಿವೆ. ಮಧ್ಯಾಹ್ನ ಹನ್ನೆರಡೂವರೆಗೆ ಗಂಟೆ ಹೊಡೆದು, ನಮ್ಮ ಮೋಟರುಗಳೆಲ್ಲ ನಿಂತ ಮೇಲೆ, ಗೋಡೆಗೆ ಕಿವಿಯಿಟ್ಟರೆ ಒಳಗೆ ಪ್ರೆಸ್ಸು ಹೊಡೆಯುವ ಸದ್ದು ಕೇಳುತ್ತದೆ. ಗೋಡೆಯ ಆಚೆ ಬದಿಗೆ ಉಗ್ರಾಣ. ಬೆಳಿಗ್ಗೆ ಅದರ ಬಾಗಿಲು ತೆಗೆದರೆ ಗೋಡೆಯ ಬುಡದಲ್ಲಿ ಬಕೀಟಿನ ಕಿವಿ, ಬಕೀಟಿನ ತಳ, ರಾಶಿ ರಾಶಿ. ಮುಟ್ಟಿದರೆ ಇನ್ನೂ ಬೆಚ್ಚಗಿರುತ್ತವೆ. ನಾವು ಅದಕ್ಕೆ 'ಗೋಡೆ ಮಾಲು' ಅನ್ನುತ್ತೇವೆ. ಹೊಸದಾಗಿ ಸೇರಿದವರು ಮೊದಲ ದಿನ ಮುಟ್ಟಲು ಹೆದರುತ್ತಾರೆ. ಆಮೇಲೆ ಅವರೂ ಬುಟ್ಟಿಗೆ ತುಂಬಿಕೊಂಡು ಬರುತ್ತಾರೆ.

ಈಗ ನನ್ನ ತಂಗಿಯ ವಿಷಯ. ದೇವೀರಮ್ಮ ಅಂತ ಹೆಸರು, ನಾವೆಲ್ಲ ದೇವೀರಿ ಅನ್ನುತ್ತಿದ್ದೆವು. ನನಗಿಂತ ಹನ್ನೆರಡು ವರ್ಷಕ್ಕೆ ಚಿಕ್ಕವಳು. ಅವಳನ್ನು ಕಾರ್ಖಾನೆಗೆ ಸೇರಿಸಿದವಳು ನಾನೇ. ಹೊಸಬರು ಗೋಡೆ ಪಕ್ಕ ನಿಲ್ಲಬೇಕು, ಅದು ನಮ್ಮಲ್ಲಿ ಪದ್ಧತಿ. ಹಾಗಾಗಿ ಅವಳ ಪ್ರೆಸ್ಸು ಮೂಡಣ ಗೋಡೆಗೆ ಒಂದು ಮಾರು ದೂರದಲ್ಲಿತ್ತು. ಏಳು ವರ್ಷದ ಹಿಂದೆ ಶ್ರಾವಣದಲ್ಲಿ ಆದೇಶಕ್ಕಾಗಿ ಗಲಾಟೆ ಎಬ್ಬಿಸಿದೆ. ಒಂದು ಶುಕ್ರವಾರ ಊಟದ ಹೊತ್ತು ಮುಗಿದರೂ ಯಾರನ್ನೂ ಒಳಗೆ ಬಿಡದೆ ಎಲ್ಲರನ್ನೂ ಗೇಟಿಗೆ ಕರೆದೆ. ದೇವೀರಿ ಮಾತ್ರ, "ಅಕ್ಕಾ, ಇನ್ನೊಂದಿನ್ನೂರು ಕಿವಿ ಇದೆ, ಮುಗಿಸ್ಬಿಟ್ಟು ಬರ್ತೀನಿ. ನೀವು ಕೂಗ್ತಿರಿ," ಅಂದು ಒಳಗೇ ಉಳಿದಳು. ನಾವು ಗಂಟಲು ಹರಿಯುವಂತೆ ಕೂಗಿದೆವು. ಮೂರು ಗಂಟೆಗೆ ಒಳಗೆ ಬಂದರೆ ಅವಳ ಪ್ರೆಸ್ಸು ಇದ್ದ ಕಡೆ ಗೋಡೆ. ನುಣ್ಣಗೆ, ಏನೂ ಆಗದ ಹಾಗೆ. ಅವಳ ಚಪ್ಪಲಿ ಎರಡೂ ಗೋಡೆಯ ಈಚೆ ಇದ್ದವು.

ಆದೇಶದ ಕಾಗದ ಅಂಟಿಸಿದ್ದು ಮರುದಿನ. ಅದನ್ನು ಯಾರೂ ದೊಡ್ಡದು ಮಾಡಲಿಲ್ಲ. ಆದೇಶ ಅಲ್ಲಿ ಹೊರಟಾಗಲೇ ಗೋಡೆ ಇಲ್ಲಿ ಹೊರಟಿದೆ ಅಂದರು. ನಾನೂ ಹಾಗೇ ನಂಬಿದೆ. ಒಂದೆರಡು ದಿನ ಹಾರೆ ತಂದು ಗೋಡೆ ಒಡೆದೆವು. ಎಷ್ಟು ಒಡೆದರೂ ಇಟ್ಟಿಗೆಯ ಹಿಂದೆ ಇಟ್ಟಿಗೆ, ಬೆಳಗಾಗುವಷ್ಟರಲ್ಲಿ ಎಲ್ಲ ಕೂಡಿಕೊಂಡು ಸುಣ್ಣ ಬಳಿದಿರುತ್ತಿತ್ತು. ಅಮ್ಮ ಮಾತ್ರ ಒಂದೇ ಮಾತು ಹೇಳಿದಳು: "ನಿನ್ನ ಬಾಯಿ ನಿನ್ನ ತಂಗೀನ ತಿಂತು." ಅದಾದ ಮೇಲೆ ಎರಡು ವರ್ಷ ಬದುಕಿದ್ದಳು, ನನ್ನ ಜೊತೆ ಮಾತಾಡಲಿಲ್ಲ. ನಾನು ಕೊಟ್ಟ ನೀರನ್ನೂ ಮುಟ್ಟಲಿಲ್ಲ.

ದೇವೀರಿಯ ಪ್ರೆಸ್ಸಿನ ಸದ್ದು ನನಗೆ ಗೊತ್ತು. ಮೂರು ಸಲ ಹೊಡೆದು ಒಂದು ಸಲ ನಿಲ್ಲಿಸುವುದು ಅವಳ ಅಭ್ಯಾಸ. ಅಂಗೈ ಬೆವರುತ್ತಿತ್ತು ಪಾಪ, ಸೀರೆಗೆ ಒರೆಸಿಕೊಂಡು ಮತ್ತೆ ಶುರುಮಾಡುತ್ತಿದ್ದಳು. ಏಳು ವರ್ಷ ದಿನಾ ಮಧ್ಯಾಹ್ನ ಗೋಡೆಯ ಬುಡದಲ್ಲಿ ಗೋಣಿಚೀಲ ಹಾಸಿಕೊಂಡು, ಆ ಸದ್ದು ಕೇಳುತ್ತಾ ಮುದ್ದೆ ನುಂಗಿದ್ದೇನೆ. ಮಾತಾಡಿಸಿದ್ದೇನೆ, ಬೈದಿದ್ದೇನೆ, ಕಾಲು ಹಿಡಿದುಕೊಳ್ಳುತ್ತೇನೆ ಬಾರೇ ಅಂದಿದ್ದೇನೆ. ಮೂರು ಹೊಡೆತ, ಒಂದು ನಿಲುಗಡೆ. ಊಟದ ಗಂಟೆ ಅವಳಿಗೆ ಕೇಳಿಸುತ್ತಲೇ ಇರಲಿಲ್ಲ. ಏಳು ವರ್ಷದಲ್ಲಿ ಅವಳು ಒಂದು ತುತ್ತು ಉಣ್ಣಲೂ ಪ್ರೆಸ್ಸಿನಿಂದ ಕೈ ತೆಗೆದಿರಲಿಲ್ಲ.

ಇಷ್ಟಾದ ಮೇಲೆ ಕೂಲಿ ಏರಿಸಿ ಅಂತ ಯಾವ ಬಾಯಲ್ಲಿ ಕೇಳಲಿ? ಹೆಂಗಸರ ಪರವಾಗಿ ಸೈನ್ ಹಾಕುವವಳು ನಾನು. 'ನಮಗೆ ಹೆಚ್ಚಿನ ಕೂಲಿ ಬೇಡ' ಅಂತ ಯಜಮಾನರು ಬರೆಸಿದ ಕಾಗದಕ್ಕೆ ಮೂರು ಸಲ ಸೈನ್ ಹಾಕಿಕೊಟ್ಟೆ. ಹಾಗೆ ಬರೆದುಕೊಟ್ಟರೆ ನಮ್ಮೂರಿನಲ್ಲಿ ಜವಾನ ಕಾಗದ ಅಂಟಿಸದೆ ವಾಪಸು ಹೋಗುತ್ತಾನೆ. ಮೂರು ಸಲ ವಾಪಸು ಹೋದ. ಆದರೂ ಒಳಗೆ ಜಾಗ ಬಿಗಿಯಾಗುತ್ತಲೇ ಬಂತು, ಆಗೊಮ್ಮೆ ಈಗೊಮ್ಮೆ ಯಂತ್ರ ತಳ್ಳುತ್ತಲೇ ಇದ್ದೆವು. ಹಳೇ ಆದೇಶದ ಬಾಕಿ ಬರುತ್ತಿದೆ ಅಂದುಕೊಂಡು ಸುಮ್ಮನಾದೆವು. ಈಗ ನೆನೆಸಿಕೊಂಡರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಈ ವರ್ಷ ಯುಗಾದಿ ಕಳೆದ ಮೇಲೆ ಒಂದು ದಿನ ಊಟ ಮುಗಿಸಿ ಗೋಣಿಚೀಲ ಮಡಚಲು ಎತ್ತಿದರೆ ಬರಲಿಲ್ಲ. ಅದರ ಅಂಚು ಗೋಡೆಯ ಕೆಳಗೆ ಸಿಕ್ಕಿಕೊಂಡಿತ್ತು. ಜಗ್ಗಿದೆ, ಹರಿಯಿತು. ಆದೇಶದ ಸುದ್ದಿಯೇ ಇಲ್ಲದ ದಿನ ಅದು. ಯಾರಿಗೂ ಹೇಳಲಿಲ್ಲ. ಹೇಳಿದರೆ, ಇವಳಿಗೆ ತಂಗಿಯ ಚಿಂತೆಯಲ್ಲಿ ತಲೆ ಕೆಟ್ಟಿದೆ ಅನ್ನುತ್ತಿದ್ದರು. ತಗಡಿಗೆ ಗುರುತು ಹಾಕುವ ಸೀಮೆಸುಣ್ಣ ತಂದು, ಗೋಡೆಯ ಬುಡದಿಂದ ಈಚೆಗೆ ಬೆರಳಿಗೊಂದರಂತೆ ಹತ್ತು ಗೆರೆ ಎಳೆದೆ. ಹತ್ತು ದಿನ ಏನೂ ಇಲ್ಲ. ಹನ್ನೊಂದನೆಯ ದಿನ ಬೆಳಿಗ್ಗೆ ಹತ್ತು ಗೆರೆ ಇತ್ತು, ಮಧ್ಯಾಹ್ನಕ್ಕೆ ಆರು ಉಳಿದಿತ್ತು. ಮನೆಗೆ ಹೋಗಿ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲಿ 'ನಾಲ್ಕು ಬೆರಳು' ಅಂತ ಬರೆದೆ. ಅಂದಿನಿಂದ ಅದೇ ಕೆಲಸವಾಯಿತು. ಗೆರೆ ಎಳೆಯುವುದು, ಗೋಡೆ ಅದನ್ನು ನುಂಗುವುದು, ನಾನು ಬರೆದಿಡುವುದು. ಶ್ರಾವಣದ ಹೊತ್ತಿಗೆ ಇಪ್ಪತ್ಮೂರು ಬೆರಳಾಗಿತ್ತು.

ಅಷ್ಟರಲ್ಲಿ ಹೊಸ ಆದೇಶ ಬಂತು. ದಿನಕ್ಕೆ ನಲವತ್ತು ರೂಪಾಯಿ ಹೆಚ್ಚು. ಯಜಮಾನರು ನನ್ನನ್ನು ತಮ್ಮ ಕೋಣೆಗೆ ಕರೆಸಿದರು. ವೃಷಭೇಂದ್ರಯ್ಯನವರು ಕೆಟ್ಟವರಲ್ಲ. ಯಾರ ಮನೆಯಲ್ಲಿ ಸಾವಾದರೂ ಬರುತ್ತಾರೆ, ಹಬ್ಬಕ್ಕೆ ಎಲ್ಲರಿಗೂ ಒಂದೊಂದು ಬಕೀಟು ಕೊಡುತ್ತಾರೆ. ಅವತ್ತೂ ಮೇಜಿನ ಮೇಲೆ ಒಂದು ಬಕೀಟು ಇಟ್ಟುಕೊಂಡು ಕೂತಿದ್ದರು. "ಕೂತ್ಕೊ ಚೆನ್ನಾಜಮ್ಮ. ಇದು ನೂರಿಪ್ಪತ್ತಕ್ಕೆ ಹೋಗುತ್ತೆ. ತಗಡಿಗೇ ಎಪ್ಪತ್ತು. ಸತು, ಇದ್ದಿಲು, ಲಾರಿ ಬಾಡಿಗೆ ಎಲ್ಲ ಸೇರಿ ಹದಿನೈದು. ಕರೆಂಟು ಎಂಟು, ಬ್ಯಾಂಕಿನ ಬಡ್ಡಿ ಒಂಬತ್ತು, ನಿಮ್ಮ ಕೂಲಿ ಹದಿನಾಲ್ಕು. ಉಳಿಯೋದು ನಾಲ್ಕು ರೂಪಾಯಿ. ಮುನ್ನೂರಿಪ್ಪತ್ತು ಇರೋ ದಿನಗೂಲಿ ಮುನ್ನೂರರವತ್ತು ಆದ್ರೆ ಈ ಬಕೀಟಿನ ಮೇಲೆ ಹತ್ತತ್ರ ಎರಡು ರೂಪಾಯಿ ಬೀಳುತ್ತೆ. ನಾಲ್ಕರಲ್ಲಿ ಎರಡು ಹೋಯ್ತು. ಗೋಡೆ ಎಷ್ಟು ಬರುತ್ತೆ ನೀನೇ ಯೋಚ್ನೆ ಮಾಡು. ಒಳಗೆ ಉಳಿದಿರೋದೇ ನಲವತ್ತಡಿ. ಆರು ಪ್ರೆಸ್ಸು ತೆಗೀಬೇಕಾಗುತ್ತೆ, ಆರು ಜನ ಮನೆಗೆ ಹೋಗ್ಬೇಕಾಗುತ್ತೆ."

"ಬೆಲೆ ಏರ್ಸೋಕಾಗಲ್ವಾ ಯಜಮಾನ್ರೇ?" ಅಂದೆ.

"ಏರ್ಸಿದ್ರೆ ನಮ್ಮ ಮಾಲು ಕೊಳ್ಳೋ ಹೊರಗಿನ ಕಂಪನಿಯೋರು ಪ್ಲಾಸ್ಟಿಕ್ ಬಕೀಟು ತಗೋತಾರೆ. ನನ್ನ ಬಕೀಟಲ್ಲಿ ನಾನೇ ನೀರು ಹೊಯ್ಕೋಬೇಕಾಗುತ್ತೆ." ಅವರು ಕಾಗದವನ್ನು ನನ್ನ ಕಡೆ ಸರಿಸಿದರು. ಅದೇ ಹಳೇ ಕಾಗದ, ತಾರೀಖು ಹೊಸದು. "ಸೋಮವಾರ ಜವಾನ ಬರ್ತಾನೆ. ಅಷ್ಟರೊಳಗೆ ಸೈನ್ ಮಾಡ್ಕೊಡು. ಕೂಲಿ ಏರಿದ್ರೆ ಏನಾಗುತ್ತೆ ಅಂತ ನಿನಗೆ ನಾನು ಹೇಳ್ಬೇಕಾಗಿಲ್ವಲ್ಲಮ್ಮ." ಅವರು ಅದನ್ನು ಮೆತ್ತಗೇ ಹೇಳಿದರು. ಆದರೂ ಬರೆ ಎಳೆದ ಹಾಗಾಯಿತು.

ಹೊರಗೆ ಬಂದರೆ ಸಿದ್ದಗಂಗಿ ಕಾಯುತ್ತಿದ್ದಳು. ಈಗ ಗೋಡೆ ಪಕ್ಕದ ಪ್ರೆಸ್ಸು ಅವಳದು. ಗಂಡ ಲಾರಿಯಿಂದ ಬಿದ್ದು ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಿದ್ದಾನೆ. "ಅಕ್ಕಾ, ನಲವತ್ತು ರೂಪಾಯಿ ಬಂದ್ರೆ ಅವ್ರ ಔಷಧಿ ಪೂರ್ತಿ ಕೊಡಿಸ್ಬೋದು. ಈಗ ದಿನ ಬಿಟ್ಟು ದಿನ ಕೊಡ್ತಿದೀನಿ. ಆದ್ರೆ ಪ್ರೆಸ್ಸೇ ಹೋದ್ರೆ ಏನ್ ಮಾಡ್ಲಿ? ಸೈನ್ ಹಾಕ್ಬಿಡಕ್ಕಾ," ಅಂದು ನನ್ನ ಕೈ ಹಿಡಿದುಕೊಂಡಳು. ಅವಳ ಅಂಗೈಯೂ ಬೆವರುತ್ತಿತ್ತು. "ಸೋಮವಾರದ ತನಕ ತಡ್ಕೊಳ್ಳೇ," ಅಂದೆ.

ಶನಿವಾರ ಊಟದ ಹೊತ್ತಿನಲ್ಲಿ ಕ್ಯಾಲೆಂಡರನ್ನು ಸುರುಳಿ ಸುತ್ತಿಕೊಂಡು ಆರಾಧ್ಯರ ಹತ್ತಿರ ಹೋದೆ. ಮುದುಕರು, ಯಜಮಾನರ ತಂದೆಯ ಕಾಲದಲ್ಲಿ ಸೇರಿದವರು, ಸುಳ್ಳು ಹೇಳಲು ಬರುವುದಿಲ್ಲ. "ಸ್ವಾಮಿ, ಈ ತಾರೀಖುಗಳಲ್ಲಿ ಏನಾಯ್ತು ಅಂತ ನಿಮ್ಮ ಪುಸ್ತಕದಲ್ಲಿ ನೋಡಿ ಹೇಳಿ, ಸಾಕು," ಅಂದೆ. ಅವರು ಕನ್ನಡಕ ಏರಿಸಿದರು. ನಾಲ್ಕು ಬೆರಳು ಹೋದ ದಿನ, ಬಕೀಟಿಗೆ ಕೊಡುವ ಬೆಲೆಯಲ್ಲಿ ಮೂರು ರೂಪಾಯಿ ಇಳಿಸಿದ್ದೇವೆ ಅಂತ ಹೊರಗಿನ ಕಂಪನಿಯವರ ಕಾಗದ ಬಂದಿತ್ತು. ಮೇ ತಿಂಗಳಿನಲ್ಲಿ ಒಂದೇ ದಿನ ಎಂಟು ಬೆರಳು ಹೋಗಿತ್ತಲ್ಲ, ಅವತ್ತು ಯಜಮಾನರ ಮನೆಯ ಮೂರನೇ ಮಹಡಿಗೆ ಕಾರ್ಖಾನೆಯ ಹೆಸರಿನಲ್ಲಿ ಸಾಲ ತೆಗೆದಿದ್ದರು. ತಗಡಿನ ರೇಟು ಏರಿದ ದಿನ ಐದು. ಅಳಿಯನ ವ್ಯಾಪಾರಕ್ಕೆ ಅಂತ ಗಲ್ಲಾದಿಂದ ದುಡ್ಡು ಹೋದ ದಿನ ಆರು. ಒಂದೊಂದು ತಾರೀಖಿಗೂ ಆರಾಧ್ಯರು ಪುಟ ತಿರುವಿ, ನನ್ನ ಕ್ಯಾಲೆಂಡರಿನ ಮೇಲೆ ಬೆರಳಿಟ್ಟು ಎರಡೆರಡು ಸಲ ನೋಡಿದರು.

"ಇದಕ್ಕೆಲ್ಲ ಗೋಡೆ ಬರುತ್ತೆ ಅಂತ ಗೊತ್ತಿರ್ಲಿಲ್ವಾ ನಿಮಗೆ?"

"ನಾವು ಅಳೆದಿದ್ದು ಯಾವತ್ತು ತಾಯಿ?" ಅಂದರು ಅವರು. "ಆದೇಶ ಬಂದ ದಿನ ಮಾತ್ರ. ಆ ಆದೇಶದಿಂದ ಈ ಆದೇಶದ ತನಕ ಹೋಗಿದ್ದೆಲ್ಲ ಒಂದೇ ದಿನ ಟೇಪಿಗೆ ಸಿಕ್ತಿತ್ತು. ನಾನು ಎಲ್ಲಾನೂ ಕೂಲಿಗೆ ಬರ್ಕೊಂಡು ಬಂದೆ. ಮೂವತ್ತೆಂಟು ವರ್ಷ, ಕೆಂಪು ಶಾಯಿಯಲ್ಲಿ, ನನ್ನ ಕೈಯಾರೆ."

ನನಗೆ ಬೇಕಾಗಿದ್ದ ತಾರೀಖು ಇನ್ನೊಂದಿತ್ತು. ಏಳು ವರ್ಷದ ಹಿಂದಿನ ಪುಸ್ತಕ ತೆಗೆಯಿರಿ ಅಂದೆ. ಅವರಿಗೆ ಅರ್ಥವಾಯಿತು, ಬೇಡ ಚೆನ್ನಾಜಮ್ಮ ಅಂದರು. "ತೆಗೀರಿ ಸ್ವಾಮಿ, ನಿಮ್ಮ ದಮ್ಮಯ್ಯ." ಧೂಳು ಕೊಡವಿ ತೆಗೆದರು. ಶ್ರಾವಣದ ಎರಡನೇ ಶುಕ್ರವಾರ, ಮುಹೂರ್ತ ನೋಡಿ ಇಟ್ಟಿದ್ದರಿಂದ ಹೊತ್ತನ್ನೂ ಬರೆದಿದ್ದರು, ಮಧ್ಯಾಹ್ನ ಎರಡು ಗಂಟೆ. ಹೊಸ ಮನೆ ಕಟ್ಟಲು ಇಡೀ ಕಾರ್ಖಾನೆಯನ್ನು ಬ್ಯಾಂಕಿಗೆ ಅಡವಿಟ್ಟು ಯಜಮಾನರು ರುಜು ಹಾಕಿದ ಹೊತ್ತು. ನಾವು ಗೇಟಿನಲ್ಲಿ ಕೂಗುತ್ತಿದ್ದ ಹೊತ್ತೂ ಅದೇ. ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಅಳು ಬಂತೋ ನಗು ಬಂತೋ ತಿಳಿಯಲಿಲ್ಲ. ಏಳು ವರ್ಷ, ಅಮ್ಮನ ಎರಡು ವರ್ಷದ ಮೌನ, ನಾನು ನುಂಗಿದ ಒಂದೊಂದು ತುತ್ತು ಎಲ್ಲ ಕಣ್ಣ ಮುಂದೆ ಬಂತು. ನನ್ನ ಬಾಯಿ ಅವಳನ್ನು ತಿಂದಿರಲಿಲ್ಲ. ಅದನ್ನು ಅಮ್ಮನಿಗೆ ಹೇಳಬೇಕಿತ್ತು, ಅಮ್ಮ ಇರಲಿಲ್ಲ.

ಸೋಮವಾರ ಹತ್ತು ಗಂಟೆಗೆ ಜವಾನ ಅಂಟಿನ ಡಬ್ಬಿ ಹಿಡಿದು ಬಂದ. ಯಜಮಾನರು ಒಳಗೆ ಎಲ್ಲರ ಮುಂದೆ ನನ್ನ ಹತ್ತಿರ ಕಾಗದ ಕೇಳಿದರು. ಸೈನ್ ಹಾಕಿಲ್ಲ, ಹಾಕುವುದೂ ಇಲ್ಲ, ಅಂಟಿಸಲಿ ಅಂದೆ. ಹೆಂಗಸರಲ್ಲಿ ಗುಜುಗುಜು ಶುರುವಾಯಿತು. ಸಿದ್ದಗಂಗಿ ಬಾಯಿಗೆ ಸೆರಗು ಹಿಡಿದಳು. ಅವಳ ಪ್ರೆಸ್ಸು ತಳ್ಳಲು ಜಾಗವೇ ಉಳಿದಿರಲಿಲ್ಲ, ಗೋಡೆಯಿಂದ ಗೇಣು ದೂರದಲ್ಲಿ ನಿಂತಿತ್ತು. "ಒಂದೇ ಒಂದು ಕೇಳ್ತೀನಿ ಯಜಮಾನ್ರೇ. ಕಾಗದ ಅಂಟಿಸೋಕೆ ಮುಂಚೆ ಒಂದ್ಸಲ ಟೇಪು ಹಿಡೀರಿ, ಅಂಟಿಸಿದ ಮೇಲೆ ಒಂದ್ಸಲ ಹಿಡೀರಿ," ಅಂದೆ.

"ಮುಂಚೆ ಹಿಡಿದ್ರೆ ಗೋಡೆಗೆ ಸಿಟ್ಟು ಬರುತ್ತೆ," ಅಂದರು.

"ಬರ್ಲಿ. ನನಗೂ ಬಂದಿದೆ."

ಆರಾಧ್ಯರು ಯಾರ ಅಪ್ಪಣೆಗೂ ಕಾಯದೆ ಬೀರು ತೆಗೆದರು. ಕಾಯಿ ಇಲ್ಲ, ಕುಂಕುಮ ಇಲ್ಲ. ಟೇಪು ಹಿಡಿದು, ಬಂದ ಅಳತೆಯನ್ನು ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಓದಿದರು. ಹೋದ ಆದೇಶದಿಂದ ಇಲ್ಲಿಯ ತನಕ ಹೋದ ಜಾಗವೆಲ್ಲ ಅಲ್ಲಿಯೇ ಸಿಕ್ಕಿತು, ಗೇಟಿಗೆ ಇನ್ನೂ ಕಾಗದ ಬಿದ್ದಿರಲಿಲ್ಲ. ನಾನು ಗೋಡೆಯ ಬುಡದಿಂದ ಹತ್ತು ಗೆರೆ ಎಳೆದೆ. ಸಿದ್ದಗಂಗಿಗೆ ಈಚೆ ಬಾರೇ ಅಂದರೆ ಬರಲಿಲ್ಲ, ಪ್ರೆಸ್ಸಿನ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕಣ್ಣು ಮುಚ್ಚಿದಳು. ಗೇಟಿನ ಹತ್ತಿರ ಯಾರೋ "ಅಂಟಿಸಿದ" ಅಂತ ಕೂಗಿದರು.

ಗೋಡೆ ಬರುವುದನ್ನು ಕಣ್ಣಾರೆ ನೋಡಿದವರು ನಮ್ಮಲ್ಲಿ ಯಾರೂ ಇರಲಿಲ್ಲ. ಅದು ಬರುವುದೇ ಕಾಣುವುದಿಲ್ಲ. ಗೆರೆ ಇರುತ್ತದೆ, ಆಮೇಲೆ ಇರುವುದಿಲ್ಲ, ಅಷ್ಟೆ. ಒಂದು ಹೋಯಿತು. ಎರಡು ಹೋಯಿತು. ಮೂರು ಹೋಯಿತು. ನಾವೆಲ್ಲ ನಾಲ್ಕನೆಯ ಗೆರೆಯನ್ನೇ ನೋಡುತ್ತಾ ನಿಂತೆವು. ಕಾಲು ಗಂಟೆ, ಅರ್ಧ ಗಂಟೆ ಆಯಿತು. ನಾಲ್ಕನೆಯ ಗೆರೆ ಅಲ್ಲೇ ಇತ್ತು. ಗೋಡೆಗೂ ಸಿದ್ದಗಂಗಿಯ ಪ್ರೆಸ್ಸಿಗೂ ನಡುವೆ ಇನ್ನೂ ಎರಡು ಅಂಗೈ ಅಗಲ ಜಾಗವಿತ್ತು. ಅವಳು ಕಣ್ಣು ಬಿಟ್ಟು, ಆ ಸಂದಿನಲ್ಲಿ ಕೈ ಆಡಿಸಿ ನೋಡಿ, ಹೋ ಅಂತ ಅತ್ತಳು.

ಯಜಮಾನರು ಒಂದು ಬಕೀಟನ್ನು ಬೋರಲು ಹಾಕಿ ಅದರ ಮೇಲೆ ಕುಸಿದರು. "ಮೂರೇನಾ?" "ಮೂರೇ," ಅಂದೆ. "ಮಿಕ್ಕಿದ್ದೆಲ್ಲ?" ಆರಾಧ್ಯರು ನನ್ನ ಕ್ಯಾಲೆಂಡರನ್ನೂ ತಮ್ಮ ಪುಸ್ತಕವನ್ನೂ ಅವರ ತೊಡೆಯ ಮೇಲೆ ಇಟ್ಟರು. ಯಜಮಾನರು ಓದಿಕೊಂಡರು. ಏಳು ವರ್ಷದ ಹಿಂದಿನ ಪುಟಕ್ಕೆ ಬಂದಾಗ ತಲೆ ಎತ್ತಿ ನನ್ನನ್ನು ನೋಡಿದರು, ಮತ್ತೆ ನೋಡಲಾಗದೆ ಬಗ್ಗಿಸಿದರು. "ನನಗೆ ಗೊತ್ತಿರ್ಲಿಲ್ಲ ಚೆನ್ನಾಜಮ್ಮ. ದೇವರಾಣೆ ಗೊತ್ತಿರ್ಲಿಲ್ಲ," ಅಂದರು. ನಂಬಿದೆ. ಗೊತ್ತುಮಾಡಿಕೊಳ್ಳುವ ಟೇಪು ಅವರದೇ ಬೀರುವಿನಲ್ಲಿತ್ತಲ್ಲ ಅಂತ ಸಿಟ್ಟೂ ಬಂತು. ಎರಡೂ ನಿಜವೇ.

"ನನ್ನ ತಂಗೀನ ಹಾಜರಿ ಪುಸ್ತಕಕ್ಕೆ ಸೇರಿಸ್ಬೇಕು," ಅಂದೆ. "ಏಳು ವರ್ಷದ ಕೂಲಿ, ಇವತ್ತಿನ ಆದೇಶದ ಹೆಚ್ಚಿಗೆ, ಎಲ್ಲಾನೂ ಅವಳಿಗೂ ಬರ್ಬೇಕು."

"ಒಳಗಿರೋಳಿಗೆ..." ಅಂತ ಅವರು ತಡವರಿಸಿದರು. "ಅವಳು ಇದಾಳೋ ಇಲ್ವೋ ಅಂತ ಹೇಗಮ್ಮ..."

"ದಿನಾ ಬೆಳಿಗ್ಗೆ ಉಗ್ರಾಣದಿಂದ ಬುಟ್ಟಿ ಬುಟ್ಟಿ ಎತ್ಕೊಂಡು ಬಂದು ಮಾರ್ತೀರಲ್ಲ, ಆ ಮಾಲು ಯಾರು ಮಾಡಿದ್ದು ಅಂದ್ಕೊಂಡ್ರಿ? ನಿಮ್ಮ ಗೋಡೆ ಮಾಡಿದ್ದಾ? ತಗಡಿಗೆ ದುಡ್ಡು ಕೊಡ್ತೀರಿ, ಇದ್ದಿಲಿಗೆ ಕೊಡ್ತೀರಿ, ಬ್ಯಾಂಕಿನೋರಿಗೆ ಕೊಡ್ತೀರಿ. ನನ್ನ ತಂಗಿ ಏಳು ವರ್ಷದಿಂದ ಊಟಕ್ಕೂ ಏಳದೆ ಬಿಟ್ಟಿ ದುಡೀತಿದಾಳೆ. ನಿಮ್ಮ ನಾಲ್ಕು ರೂಪಾಯಿ ಎಲ್ಲಿಂದ ಉಳೀತಿತ್ತು ಅಂತ ಈಗಾದ್ರೂ ತಿಳೀತಾ?"

ಅವತ್ತು ಬೆಳಿಗ್ಗೆಯಿಂದ ಒಂದು ಮೋಟರೂ ಶುರುವಾಗಿರಲಿಲ್ಲ. ಹೆಂಗಸರೆಲ್ಲ ನನ್ನ ಹಿಂದೆ ಬಂದು ನಿಂತಿದ್ದರು. ಯಜಮಾನರು ಆರಾಧ್ಯರ ಕಡೆ ತಿರುಗಿ, "ಬರ್ಕೊಳ್ಳಿ," ಅಂದರು. ಆರಾಧ್ಯರು ಹಾಜರಿ ಪುಸ್ತಕ ಬಿಡಿಸಿ ಕಪ್ಪು ಶಾಯಿಯಲ್ಲಿ ಬರೆದರು: ದೇವೀರಮ್ಮ, ಕಿವಿ ಪ್ರೆಸ್ಸು, ಹಾಜರು.

ಹನ್ನೆರಡೂವರೆಯ ಗಂಟೆ ಹೊಡೆಯಿತು. ಗೋಡೆಯೊಳಗೆ ಮೂರು ಹೊಡೆತ ಬಿತ್ತು, ಒಂದು ಸಲ ನಿಂತಿತು. ಮತ್ತೆ ಶುರುವಾಗಲಿಲ್ಲ.

ನಾನು ಗೋಡೆಗೆ ಓಡಿ ಎರಡೂ ಅಂಗೈ ಇಟ್ಟೆ. ಒಳಗೆ ಸ್ಟೂಲು ಸರಿದ ಸದ್ದಾಯಿತು. ಯಾರೋ ಬಹಳ ಹೊತ್ತು ಬಗ್ಗಿ ಕೂತು ಎದ್ದವರಂತೆ ನಿಟ್ಟುಸಿರು ಬಿಟ್ಟರು. ಆಮೇಲೆ ಇಟ್ಟಿಗೆಯ ಆಚೆಯಿಂದ, ಇಲ್ಲೇ ಪಕ್ಕದಲ್ಲಿ ಕೂತವಳ ಹಾಗೆ ಅವಳ ದನಿ ಬಂತು.

"ಅಕ್ಕಾ, ಊಟ ಆಯ್ತಾ?"

"ಇಲ್ಲ ಕಣೇ," ಅಂದೆ. "ಈಚೆ ಬಾರೇ ದೇವೀರಿ, ಬಾರೇ ನನ್ನವ್ವ."

"ಹೆಂಗಕ್ಕಾ ಬರ್ಲಿ? ಗಂಟೆ ಕೇಳಿಸಿದ್ದು ನನಗೊಬ್ಬಳಿಗೇ. ಇವ್ರಿಗೆ ಯಾರಿಗೂ ಕೇಳಿಸ್ಲಿಲ್ಲ. ಇವ್ರನ್ನೆಲ್ಲ ಬಿಟ್ಟು ಬರೋಕಾಗುತ್ತಾ?"

ಅವಳ ಪ್ರೆಸ್ಸು ನಿಂತಿದ್ದರಿಂದ ಆಗ ನಮಗೆಲ್ಲ ಕೇಳಿಸಿತು. ಅವಳ ಹಿಂದೆ, ಇನ್ನೂ ಒಳಗೆ, ಅದಕ್ಕೂ ಒಳಗೆ, ಯಂತ್ರಗಳು ಓಡುತ್ತಿದ್ದವು. ಹತ್ತಲ್ಲ, ಇಪ್ಪತ್ತಲ್ಲ. ಒಂದೊಂದು ಹೊಡೆತವೂ ಒಬ್ಬೊಬ್ಬರ ಕೈಯ ಹದದಲ್ಲಿ ಬೀಳುತ್ತಿತ್ತು, ಆಳಿಲ್ಲದೆ ತಾನಾಗಿ ಓಡುವ ಯಂತ್ರ ಹಾಗೆ ಓಡುವುದಿಲ್ಲ. ಯಾರೋ ಕೆಮ್ಮಿದರು. ನಮ್ಮ ಕಾರ್ಖಾನೆಯಲ್ಲಿ ಗೋಡೆಗೆ ಹೋದವಳು ಒಬ್ಬಳೇ ಅಂತ ನಾವೆಲ್ಲ ತಿಳಿದುಕೊಂಡಿದ್ದೆವು. ಸಿದ್ದಗಂಗಿ ನನ್ನ ತೋಳು ಹಿಡಿದುಕೊಂಡಳು. ಯಜಮಾನರು ಬಕೀಟಿನ ಮೇಲಿಂದ ಎದ್ದು ನಿಂತಿದ್ದರು.

"ಯಾರ್ಯಾರು ಇದಾರೆ? ಒಬ್ಬೊಬ್ಬರ ಹೆಸರು ಹೇಳು," ಅಂದೆ.

ದೇವೀರಿ ಹೇಳಿದಳು. ಮೊದಲನೆಯದು ನಾವು ಯಾರೂ ಕೇಳದ ಹೆಸರು. ಆರಾಧ್ಯರು ಬರೆದರು, ಒಳಗೆ ಒಂದು ಯಂತ್ರ ನಿಂತಿತು. ಎರಡನೆಯ ಹೆಸರು ಕೇಳಿ ಆರಾಧ್ಯರ ಪೆನ್ನು ಅಲ್ಲೇ ತಡೆಯಿತು. ಅವರ ಯೌವನದಲ್ಲಿ ಇದೇ ಕಾರ್ಖಾನೆಯಲ್ಲಿದ್ದವಳಂತೆ. ಕೂಸನ್ನು ಗಂಡನ ಕೈಗೆ ಹಾಕಿ ಯಾರ ಜೊತೆಗೋ ಓಡಿಹೋದಳು ಅಂತ ಊರೆಲ್ಲ ಆಡಿಕೊಂಡಿದ್ದ ಹೆಂಗಸು. ಕಣ್ಣೊರೆಸಿಕೊಂಡು ಬರೆದರು, ಇನ್ನೊಂದು ಯಂತ್ರ ನಿಂತಿತು. ಹೀಗೆ ಒಂದು ಹೆಸರು, ಒಂದು ಸಾಲು, ಒಂದು ಯಂತ್ರ. ಎರಡು ಗಂಟೆ ಆಯಿತು, ಮೂರು ಆಯಿತು, ನಮ್ಮಲ್ಲಿ ಒಬ್ಬರೂ ಬುತ್ತಿ ಬಿಚ್ಚಲಿಲ್ಲ. ನಲವತ್ತೊಂದನೆಯ ಹೆಸರಿಗೆ ಆರಾಧ್ಯರ ಪೆನ್ನಿನ ಶಾಯಿ ಮುಗಿಯಿತು. ಒಳಗೆ ಇನ್ನೂ ಸದ್ದಿತ್ತು. ಎಲ್ಲರೂ ಯಜಮಾನರನ್ನು ನೋಡಿದೆವು. ಅವರು ತುಟಿಯಲ್ಲೇ ಏನನ್ನೋ ಕೂಡುತ್ತಿದ್ದವರು ನಿಲ್ಲಿಸಿದರು, ತಮ್ಮ ಜೇಬಿನ ಪೆನ್ನು ತೆಗೆದು ಆರಾಧ್ಯರ ಕೈಗೆ ಕೊಟ್ಟರು.

"ಮುಂದಿನದು ಹೇಳೇ," ಅಂದೆ ನಾನು.